ಡ್ರ್ಯಾಗನ್ ಪತ್ರಿಕೆಯ ಕೊನೆಯ ಪುಟಗಳಲ್ಲಿ ಬದುಕಿದವರು

"ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಗಾರರಿಗೆಂದೇ ಬರುತ್ತಿದ್ದ 'ಡ್ರ್ಯಾಗನ್' ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿ ಅವೇ ಕಾಮಿಕ್ ಪಾತ್ರಗಳು ತಿಂಗಳು ತಿಂಗಳೂ ಕಾಣಿಸಿಕೊಳ್ಳುತ್ತವೆ. ನಿಯಮಗಳನ್ನು ತಿಳಿಯಲು ಕೊಳ್ಳುವ ಪತ್ರಿಕೆಯಲ್ಲಿ ಅವಕ್ಕೇನು ಕೆಲಸ? ಖಾಲಿ ಜಾಗ ತುಂಬಲು ಹಾಕುತ್ತಿದ್ದರೇ?" ಎಂದು ನೀವು ಕೇಳಿದ್ದೀರಿ. ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಸಾಹಸಕ್ಕೆ ಹೊರಡುವ ಈ ಆಟವನ್ನು ಇಪ್ಪತ್ತು ವರ್ಷಗಳಿಂದ ಬೆಂಗಳೂರಿನಲ್ಲಿ ಗೆಳೆಯರೊಂದಿಗೆ ಆಡುತ್ತಿರುವವನಾಗಿ, ಆ ಸಂಚಿಕೆಗಳನ್ನು ಹಲವು ಬಾರಿ ಓದಿದವನಾಗಿ, ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆಟವು ತನ್ನ ಸ್ವಭಾವದಿಂದಲೇ ಕೊಡಲಾಗದಿದ್ದ ಒಂದನ್ನು ಆ ಪಾತ್ರಗಳು ಓದುಗರಿಗೆ ಕೊಟ್ಟವು. ಅದೆಂದರೆ, ಊರು ಕೇರಿ ಬೇರೆಯಾದರೂ ಎಲ್ಲ ಆಟಗಾರರಿಗೂ ಸಮಾನವಾಗಿ ಪರಿಚಿತರಾದ ಒಂದಷ್ಟು ಜನ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಾದಂಬರಿಗೆ ಒಬ್ಬ ನಾಯಕನಿರುತ್ತಾನೆ, ಸಿನಿಮಾಕ್ಕೂ ಇರುತ್ತಾನೆ. ಓದಿದವರು, ನೋಡಿದವರು ಅವನ ಬಗ್ಗೆ ಪರಸ್ಪರ ಮಾತನಾಡಬಹುದು. ಪಾತ್ರ ವಹಿಸಿ ಆಡುವ ಈ ಬಗೆಯ ಆಟದಲ್ಲಿ ಹಾಗಿಲ್ಲ. ನಾನು ಮೂರು ವರ್ಷ ಆಡಿ ಬೆಳೆಸಿದ ಒಬ್ಬ ಯೋಧ ಯಾವ ಗುಹೆಯಲ್ಲಿ, ಯಾವ ದಾಳ ಕೈಕೊಟ್ಟಾಗ ಸತ್ತ ಎಂಬುದು ನನ್ನ ಮೇಜಿನ ಸುತ್ತ ಕುಳಿತಿದ್ದ ಐದು ಜನರಿಗೆ ಮಾತ್ರ ಗೊತ್ತು. ಆಟಗಾರರ ನಡುವೆ ನಿಯಮಗಳು ಸಮಾನ, ಆದರೆ ಪಾತ್ರಗಳೂ ನೆನಪುಗಳೂ ಬೇರೆ ಬೇರೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿದ್ದ, ಈ ಆಟದ ಪ್ರಕಾಶಕರಾದ ಟಿಎಸ್‌ಆರ್ ಸಂಸ್ಥೆ 1976ರ ಜೂನ್‌ನಲ್ಲಿ ಈ ಪತ್ರಿಕೆಯನ್ನು ಆರಂಭಿಸಿದಾಗ, ಓದುಗರು ಅಲ್ಲೊಬ್ಬ ಇಲ್ಲೊಬ್ಬರಂತೆ ಚದುರಿಹೋಗಿದ್ದವರು. ಅವರೆಲ್ಲರಿಗೂ ಒಂದೇ ತಿಂಗಳಲ್ಲಿ, ಒಂದೇ ಪುಟದಲ್ಲಿ ಎದುರಾಗುತ್ತಿದ್ದ ಜೀವಿಗಳೆಂದರೆ ಈ ಕಾಮಿಕ್ ಪಾತ್ರಗಳು. ನಮ್ಮ ವಾರಪತ್ರಿಕೆಗಳು ಮನೆಗೆ ಬಂದೊಡನೆ ಧಾರಾವಾಹಿಯ ಪುಟವನ್ನೇ ಮೊದಲು ಹುಡುಕುತ್ತಿದ್ದವರಿಗೆ ಈ ಅನುಭವ ಹೊಸದೇನಲ್ಲ.

ಅವುಗಳಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೇಲಿನದು 'ವರ್ಮಿ'. ಡೇವಿಡ್ ಟ್ರ್ಯಾಂಪಿಯರ್ ಬರೆದು ಚಿತ್ರಿಸಿದ ಈ ಧಾರಾವಾಹಿ 1977ರ ಸೆಪ್ಟೆಂಬರ್‌ನ ಒಂಬತ್ತನೇ ಸಂಚಿಕೆಯಲ್ಲಿ ಶುರುವಾಯಿತು. ವರ್ಮಿ ಒಂದು ಡ್ರ್ಯಾಗನ್. ಬಾಯಲ್ಲಿ ಸದಾ ಸಿಗಾರ್ ಕಚ್ಚಿಕೊಂಡಿರುವ, ಬೌಲಿಂಗ್ ಚೆಂಡುಗಳನ್ನಿಟ್ಟು ಬಿಲಿಯರ್ಡ್ಸ್ ಆಡುವ, ಮೇಜಿನ ಮೇಲೆ ಸೈನ್ಯ ಹೂಡಿ ಯುದ್ಧದಾಟ ಆಡುವ ಹುಚ್ಚು ಹಿಡಿದ ಡ್ರ್ಯಾಗನ್. ಅದರ ಸುತ್ತ ಟ್ರೋಲ್‌ಗಳು, ಓಗರ್‌ಗಳು, ಇನ್ನೂ ಏನೇನೋ ವಿಕಾರ ರೂಪದ ಪ್ರಾಣಿಗಳು. ಇದರ ಹೊಸತನ ಎಲ್ಲಿದೆ ಎಂಬುದನ್ನು ಆಟ ಆಡಿದವರು ಕೂಡಲೇ ಗುರುತಿಸುತ್ತಾರೆ. ಆಟದ ಪುಸ್ತಕದಲ್ಲಿ ಟ್ರೋಲ್ ಎಂದರೆ ಒಂದಿಷ್ಟು ಅಂಕಿಗಳು: ಎಷ್ಟು ಏಟು ತಡೆಯುತ್ತದೆ, ಎಷ್ಟು ಏಟು ಕೊಡುತ್ತದೆ, ಕೊಂದರೆ ಎಷ್ಟು ಚಿನ್ನ ಸಿಗುತ್ತದೆ. ಟ್ರ್ಯಾಂಪಿಯರ್ ಅದೇ ಪ್ರಾಣಿಗಳಿಗೆ ಮನೆ ಕೊಟ್ಟರು, ಹಟ ಕೊಟ್ಟರು, ಜೂಜಿನ ಚಟ ಕೊಟ್ಟರು, ಸ್ನೇಹ ಕೊಟ್ಟರು. ಸಾಹಸಿಗರು ಬಾಗಿಲು ಒದ್ದು ಒಳಗೆ ನುಗ್ಗುವ ಮುನ್ನ ಆ ಗುಹೆಯಲ್ಲಿ ದಿನಗಳು ಹೇಗೆ ಸಾಗುತ್ತಿದ್ದವು ಎಂಬುದನ್ನು ಯಾವ ನಿಯಮಪುಸ್ತಕವೂ ಹೇಳಿರಲಿಲ್ಲ. ವರ್ಮಿ ಅದನ್ನು ಹತ್ತು ವರ್ಷ ಹೇಳಿತು. ಅದನ್ನು ಓದಿದ ಮೇಲೆ ನಾನು ಡಂಜನ್ ಮಾಸ್ಟರ್ ಆಗಿ, ಅಂದರೆ ಉಳಿದವರ ಮುಂದೆ ಕಥೆಯನ್ನೂ ಎದುರಾಳಿಗಳನ್ನೂ ತಂದಿಡುವವನಾಗಿ, ಆಟ ನಡೆಸುವ ರೀತಿಯೇ ಬದಲಾಯಿತು. ಒಂದು ಓಗರ್ ಬಾಗಿಲ ಬಳಿ ನಿಂತಿದ್ದರೆ, ಅದು ಯಾಕೆ ಅಲ್ಲಿ ನಿಂತಿದೆ, ಅದಕ್ಕೆ ಬೇಸರವಾಗಿದೆಯೋ ಹಸಿವಾಗಿದೆಯೋ ಎಂದು ಯೋಚಿಸದೆ ಈಗ ನಾನು ಅದನ್ನು ಆಟದೊಳಗೆ ತರುವುದಿಲ್ಲ.

ಟ್ರ್ಯಾಂಪಿಯರ್ ಅವರ ಕೈ ಎಂಥದ್ದೆಂದು ತಿಳಿಯಲು ಆಟದ ನಿಯಮಪುಸ್ತಕವಾದ 1978ರ 'ಪ್ಲೇಯರ್ಸ್ ಹ್ಯಾಂಡ್‌ಬುಕ್' ಮುಖಪುಟವನ್ನು ಒಮ್ಮೆ ಸಾವಧಾನವಾಗಿ ನೋಡಿ, ಅದೂ ಅವರದೇ. ಕೊಂಬುಳ್ಳ ಬೃಹತ್ ವಿಗ್ರಹವೊಂದು ಕುಳಿತಿದೆ. ಅದರ ಮುಖದವರೆಗೆ ಹತ್ತಿದ ಇಬ್ಬರು ಕಣ್ಣಿನ ರತ್ನವನ್ನು ಮೀಟಿ ಕೀಳುತ್ತಿದ್ದಾರೆ. ಕೆಳಗೆ ಹಲ್ಲಿಯಂಥ ಮೈಯ ಕಾವಲುಗಾರರು ಸತ್ತು ಬಿದ್ದಿದ್ದಾರೆ. ಒಬ್ಬ ಕತ್ತಿ ಒರೆಸುತ್ತಿದ್ದಾನೆ, ಇನ್ನು ಕೆಲವರು ನಕ್ಷೆಯೊಂದನ್ನು ನೋಡುತ್ತ ಮುಂದಿನ ದಾರಿ ಚರ್ಚಿಸುತ್ತಿದ್ದಾರೆ. ಹೋರಾಟ ಮುಗಿದ ಮೇಲಿನ ಗಳಿಗೆಯನ್ನು ಅವರು ಆರಿಸಿಕೊಂಡಿದ್ದಾರೆ ಎಂಬುದನ್ನು ಗಮನಿಸಿ. ಬೇರೆ ಚಿತ್ರಕಾರರಾಗಿದ್ದರೆ ಕತ್ತಿ ಬೀಸುವ ಕ್ಷಣವನ್ನು ಬರೆಯುತ್ತಿದ್ದರೇನೋ. ಟ್ರ್ಯಾಂಪಿಯರ್‌ಗೆ ಬೇಕಾಗಿದ್ದುದು ದಣಿವು, ಆಸೆ, ಮುಂದೇನು ಎಂಬ ಲೆಕ್ಕಾಚಾರ. ವರ್ಮಿಯ ಪುಟಗಳಲ್ಲಿ ಇರುವುದೂ ಇದೇ ಕಣ್ಣು. ಮೊದಮೊದಲು ಕಪ್ಪುಬಿಳುಪಿನಲ್ಲಿದ್ದ ಆ ಧಾರಾವಾಹಿ ಮುಂದೆ ಬಣ್ಣಕ್ಕೆ ತಿರುಗಿದಾಗ, ಒಂದೊಂದು ಚೌಕಟ್ಟೂ ಗೋಡೆಗೆ ತೂಗುಹಾಕಬಹುದಾದಷ್ಟು ತುಂಬಿಕೊಂಡಿತು.

ವರ್ಮಿಯ ಕೊನೆಯ ಕಂತು ಬಂದದ್ದು 1988ರ ಏಪ್ರಿಲ್‌ನ 132ನೇ ಸಂಚಿಕೆಯಲ್ಲಿ. ಕಥೆ ಮುಗಿದಿರಲಿಲ್ಲ, ನಡುವಿನಲ್ಲೇ ನಿಂತಿತು. ಟ್ರ್ಯಾಂಪಿಯರ್ ಆಟಗಳ ಲೋಕವನ್ನೇ ತೊರೆದು ಹೋದರು. ಅವರು ತೀರಿಹೋಗಿದ್ದಾರೆಂದೇ ಬಹಳ ಮಂದಿ ಅಭಿಮಾನಿಗಳು ನಂಬಿದ್ದ ಕಾಲದಲ್ಲಿ, 2002ರಲ್ಲಿ, ಇಲಿನಾಯ್ ರಾಜ್ಯದ ಕಾರ್ಬನ್‌ಡೇಲ್‌ನ ವಿದ್ಯಾರ್ಥಿ ಪತ್ರಿಕೆಯೊಂದು ಊರಿನ ಟ್ಯಾಕ್ಸಿ ಚಾಲಕರೊಬ್ಬರ ಬಗ್ಗೆ ಲೇಖನ ಪ್ರಕಟಿಸಿತು. ಆ ಚಾಲಕರು ಅವರೇ ಆಗಿದ್ದರು. 2014ರ ಮಾರ್ಚ್‌ನಲ್ಲಿ ಅವರು ನಿಧನರಾದರು. ಒಂದು ಪಾತ್ರವು ಅದನ್ನು ಬರೆಯುವ ಒಂದೇ ಕೈಯನ್ನು ಎಷ್ಟರ ಮಟ್ಟಿಗೆ ನಂಬಿಕೊಂಡಿರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ನನಗೆ ಗೊತ್ತಿಲ್ಲ. ವರ್ಮಿಯನ್ನು ಬೇರೆ ಯಾರಿಂದಲೋ ಮುಂದುವರಿಸಿದ್ದರೆ ಅದು ವರ್ಮಿಯಾಗಿ ಉಳಿಯುತ್ತಿರಲಿಲ್ಲ.

ಲ್ಯಾರಿ ಎಲ್ಮೋರ್ ಅವರ 'ಸ್ನಾರ್ಫ್‌ಕ್ವೆಸ್ಟ್' 1983ರ ಜುಲೈನ 75ನೇ ಸಂಚಿಕೆಯಿಂದ 1989ರವರೆಗೆ ನಡೆಯಿತು. ಉದ್ದ ಮೂಗಿನ, ಉದ್ದ ಕಿವಿಯ ಸ್ನಾರ್ಫ್ ಎಂಬ ಪುಟ್ಟ ಪ್ರಾಣಿ ತನ್ನ ಊರಿನ ಅರಸನಾಗುವ ಆಸೆಯಿಂದ ಸಂಪತ್ತು ಮತ್ತು ಕೀರ್ತಿಯನ್ನು ಅರಸಿ ಹೊರಡುತ್ತಾನೆ. ಟೆಲೆರಿ ಎಂಬ ಧೀರೆ ಅವನ ಜೊತೆಗಾತಿ. ಬೇರೆ ಲೋಕದಿಂದ ಬಂದ ರೋಬೋ ಒಂದು ಎದುರಾದಾಗ ಸ್ನಾರ್ಫ್‌ಗೆ ಅದು ಯಂತ್ರವೆಂದು ಹೊಳೆಯುವುದೇ ಇಲ್ಲ. ಕಬ್ಬಿಣದ ಕವಚ ತೊಟ್ಟ ಯಾರೋ ದೊಡ್ಡವರೆಂದು ತಿಳಿದು ಅದನ್ನೂ ತನ್ನ ತಂಡಕ್ಕೆ ಸೇರಿಸಿಕೊಳ್ಳುತ್ತಾನೆ. ಎಲ್ಮೋರ್ ಆಟದ ಡಬ್ಬಿಗಳ ಮೇಲೆ ಭವ್ಯವಾದ ಕೆಂಪು ಡ್ರ್ಯಾಗನ್‌ಗಳನ್ನು ಬರೆದು ಹೆಸರಾದವರು. ಅದೇ ಕೈ ಈ ಪುಟಗಳಲ್ಲಿ ಸಡಿಲವಾಗಿ, ಸಂತೋಷದಿಂದ ಓಡಾಡುವುದನ್ನು ಕಾಣುವುದೇ ಒಂದು ಸೊಗಸು. ಫಿಲ್ ಫೋಗ್ಲಿಯೋ ಅವರ 'ವಾಟ್ಸ್ ನ್ಯೂ' ಇನ್ನೊಂದು ದಾರಿ ಹಿಡಿಯಿತು. ಅದರಲ್ಲಿ ಫಿಲ್ ಮತ್ತು ಡಿಕ್ಸಿ ಎಂಬಿಬ್ಬರು ಓದುಗರನ್ನೇ ನೋಡಿ ಮಾತನಾಡುತ್ತಾರೆ, ಆಟದಲ್ಲಿ ಪ್ರಣಯದ ಸ್ಥಾನವೇನೆಂದು ಮುಂದಿನ ಬಾರಿ ಖಂಡಿತ ಹೇಳುತ್ತೇವೆ ಎಂದು ಮಾತು ಕೊಡುತ್ತಾರೆ, ಪ್ರತಿ ಬಾರಿಯೂ ಏನೋ ಒಂದು ಅಡ್ಡ ಬರುತ್ತದೆ. ಆ ನಗೆಯ ಜೀವವಿರುವುದೇ ಮರುಕಳಿಕೆಯಲ್ಲಿ. ಹಿಂದಿನ ಸಂಚಿಕೆಯನ್ನು ನೆನಪಿಟ್ಟುಕೊಂಡವರಿಗೆ ಮಾತ್ರ ಅದು ಪೂರ್ತಿ ದಕ್ಕುತ್ತದೆ.

ಬ್ರಿಟನ್ನಿನಲ್ಲಿ ಇದೇ ಕೆಲಸ ಮಾಡಿದ್ದು 'ವೈಟ್ ಡ್ವಾರ್ಫ್' ಪತ್ರಿಕೆ. ಕಾರ್ಲ್ ಕ್ರಿಚ್ಲೋ ಅವರ 'ಥ್ರಡ್ ದಿ ಬಾರ್ಬೇರಿಯನ್' ಅಲ್ಲಿ 1983ರಲ್ಲಿ ಶುರುವಾಯಿತು. ಬೆಟ್ಟದಂಥ ಮೈ, ಅದರ ಮೇಲೆ ನಿಂಬೆಹಣ್ಣಿನಷ್ಟು ತಲೆ. ಆ ಪ್ರಮಾಣವೇ ಪಾತ್ರದ ಇಡೀ ಸ್ವಭಾವವನ್ನು ಹೇಳಿ ಮುಗಿಸುತ್ತದೆ. ಅವನ ಶತ್ರುವಾದ ಮಾಂತ್ರಿಕನ ಹೆಸರು ಟು-ಮಿ-ಕು-ಪಾ. ಟಾಮಿ ಕೂಪರ್ ಎಂಬ ಪ್ರಸಿದ್ಧ ಜಾದೂಗಾರ ಹಾಸ್ಯನಟನನ್ನು ಟಿವಿಯಲ್ಲಿ ನೋಡುತ್ತ ಬೆಳೆದ ಬ್ರಿಟಿಷ್ ಓದುಗರು ಆ ಹೆಸರನ್ನು ಬಾಯಿಬಿಟ್ಟು ಓದಿದೊಡನೆ ನಕ್ಕಿರಬೇಕು. ವೈಟ್ ಡ್ವಾರ್ಫ್ ಎಲ್ಲ ಬಗೆಯ ಆಟಗಳ ಪತ್ರಿಕೆಯಾಗಿದ್ದುದು ಎಂಬತ್ತರ ದಶಕದ ಕೊನೆಯ ಹೊತ್ತಿಗೆ ತನ್ನ ಒಡೆಯ ಸಂಸ್ಥೆಯ ಸ್ವಂತ ಆಟಗಳಿಗಷ್ಟೇ ಮೀಸಲಾಯಿತು. ಥ್ರಡ್ ಕೂಡ ಅದರ ಪುಟಗಳಿಂದ ಮರೆಯಾದ.

ಚಿತ್ರ ಚೆನ್ನಾಗಿದ್ದರೆ ಮಾತ್ರ ಪಾತ್ರ ಉಳಿಯುತ್ತದೆ ಎಂದು ನನ್ನ ಮಾತಿನಿಂದ ನಿಮಗೆ ಅನ್ನಿಸಿದ್ದರೆ, ಅದನ್ನು ತಿದ್ದಬೇಕು. ಜಾಲಿ ಬ್ಲ್ಯಾಕ್‌ಬರ್ನ್ ಅವರ 'ನೈಟ್ಸ್ ಆಫ್ ದಿ ಡಿನ್ನರ್ ಟೇಬಲ್' 1990ರಲ್ಲಿ 'ಶೇಡಿಸ್' ಎಂಬ ಪತ್ರಿಕೆಯಲ್ಲಿ ಹುಟ್ಟಿ, ತೊಂಬತ್ತರ ದಶಕದಲ್ಲಿ ಡ್ರ್ಯಾಗನ್‌ಗೂ ಬಂದಿತು. ಮೇಜಿನ ಸುತ್ತ ಕುಳಿತು ಆಡುವ ಕೆಲವೇ ಜನ, ಅವೇ ನಾಲ್ಕಾರು ಭಂಗಿಗಳು ಚೌಕಟ್ಟಿನಿಂದ ಚೌಕಟ್ಟಿಗೆ ನಕಲಾಗುತ್ತ ಹೋಗುತ್ತವೆ. ಜಾಗ ತುಂಬಲೆಂದೇ ಹುಟ್ಟಿದ ಕಾಮಿಕ್ ಇದ್ದರೆ ಅದು ಇದು. ಆದರೂ ಓದುಗರು ಅದನ್ನು ಎದೆಗೆ ಹಚ್ಚಿಕೊಂಡರು, ಏಕೆಂದರೆ ಆ ಮೇಜಿನ ಸುತ್ತ ಕುಳಿತವರು ತಾವೇ ಎಂದು ಅವರಿಗೆ ಗೊತ್ತಿತ್ತು. ನಿಯಮದ ಸಂದಿಯಲ್ಲಿ ನುಸುಳುವವನು, ಸಿಕ್ಕಿದ್ದಕ್ಕೆಲ್ಲ ಕತ್ತಿ ಎತ್ತುವವನು, ಇವರೆಲ್ಲರ ನಡುವೆ ಕಥೆಯನ್ನು ಕಾಪಾಡಲು ಹೆಣಗುವ ಡಂಜನ್ ಮಾಸ್ಟರ್: ನಮ್ಮ ಶನಿವಾರದ ಗುಂಪಿನಲ್ಲಿ ಇವರಲ್ಲಿ ಒಬ್ಬರೂ ತಪ್ಪಿದವರಿಲ್ಲ. ಏರನ್ ವಿಲಿಯಮ್ಸ್ ಅವರ 'ನಾಡ್ವಿಕ್' ಕೂಡ ಇದೇ ಸಾಲಿಗೆ ಸೇರುತ್ತದೆ. ಸಾಹಸಿಗರ ಮೂಟೆ ಹೊರುವ ಬಡಪಾಯಿ ಆಳು ಅವನು. ಮತ್ತೆ ಮತ್ತೆ ಸಾಯುತ್ತಾನೆ, ತಂಡದ ಪೂಜಾರಿಣಿ ಪಿಫನಿ ಅವನನ್ನು ಅಂಟುಪಟ್ಟಿ ಸುತ್ತಿ ಮತ್ತೆ ಬದುಕಿಸುತ್ತಾಳೆ.

ಇವರಿಗಿಂತ ಬೇರೆಯಾದ ಇನ್ನೊಂದು ಬಗೆಯಿದೆ, ಎರಡನ್ನೂ ಬೆರೆಸಬಾರದು. 2000ದಲ್ಲಿ ಆಟದ ಮೂರನೇ ಆವೃತ್ತಿ ಬಂದಾಗ ಟಾಡ್ ಲಾಕ್‌ವುಡ್ ಮತ್ತು ಸ್ಯಾಮ್ ವುಡ್ ಎಂಬ ಚಿತ್ರಕಾರರು ಯೋಧ, ಕಳ್ಳ, ಮಾಂತ್ರಿಕ ಎಂಬಂಥ ಪ್ರತಿಯೊಂದು ಪಾತ್ರವರ್ಗಕ್ಕೂ ಒಬ್ಬ ಮಾದರಿ ವೀರನನ್ನು ರೂಪಿಸಿದರು. ಕುಳ್ಳ ಯೋಧ ಟಾರ್ಡೆಕ್, ಕಳ್ಳಿ ಲಿಡ್ಡಾ, ಮಾಂತ್ರಿಕೆ ಮಿಯಾಲೀ ಮುಂತಾದವರು ಪುಸ್ತಕಗಳಲ್ಲೂ ಪತ್ರಿಕೆಯಲ್ಲೂ ಪದೇ ಪದೇ ಕಾಣಿಸಿಕೊಂಡರು. ಅವರನ್ನು 'ಐಕಾನಿಕ್' ಪಾತ್ರಗಳೆನ್ನುತ್ತಾರೆ. ಅವರ ಉಡುಪು, ಆಯುಧ, ಮುಖ ನಮಗೆ ಚೆನ್ನಾಗಿ ಗೊತ್ತು. ನಿನ್ನೆ ಅವರಿಗೇನಾಯಿತು ಎಂಬುದು ಮಾತ್ರ ಗೊತ್ತಿಲ್ಲ, ಏಕೆಂದರೆ ಅವರಿಗೆ ನಿನ್ನೆ ಎಂಬುದೇ ಇಲ್ಲ. ಕೊನೆಯ ವರ್ಷಗಳಲ್ಲಿ ಡ್ರ್ಯಾಗನ್ ಪ್ರಕಟಿಸುತ್ತಿದ್ದ ಪೈಝೋ ಸಂಸ್ಥೆ 2007ರಲ್ಲಿ ಮುದ್ರಿತ ಡ್ರ್ಯಾಗನ್ ನಿಂತ ಹೊತ್ತಿಗೆ 'ಪಾತ್‌ಫೈಂಡರ್' ಎಂಬ ಆಟದ ಸಾಹಸಕಥೆಗಳ ಮಾಲಿಕೆಯನ್ನು ಆರಂಭಿಸಿದಾಗ ಈ ಕೊರತೆಯನ್ನು ಸ್ವಲ್ಪ ನೀಗಿಸಿತು. ವೇಯ್ನ್ ರೆನಾಲ್ಡ್ಸ್ ಚಿತ್ರಿಸಿದ ಅದರ ವೀರರಿಗೆ ಪೂರ್ವಕಥೆಗಳಿವೆ. ಅವರಲ್ಲೊಬ್ಬ ಸಜನ್, ಭಾರತದ ಛಾಯೆಯಲ್ಲಿ ಕಲ್ಪಿಸಿದ ವುದ್ರ ಎಂಬ ನಾಡಿನವನು, ಅಗಲಿಹೋದ ಅವಳಿ ಸೋದರಿ ಸಜ್ನಿಯನ್ನು ಹುಡುಕುತ್ತ ಅಲೆಯುವವನು. ನಮ್ಮ ಗುಂಪಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಆ ಪುಟದಲ್ಲಿ ಬೆರಳಿಟ್ಟು, "ಅಣ್ಣಾ, ಇವನ ಹೆಸರು ನಮ್ಮ ಕಡೆಯವರ ಹೆಸರಿನ ಹಾಗಿದೆಯಲ್ಲ" ಎಂದದ್ದು ನನಗೆ ನೆನಪಿದೆ. ಆ ದಿನ ಅವಳು ಆರಿಸಿಕೊಂಡದ್ದು ಅವನನ್ನೇ.

ನಾನು ಈ ಪತ್ರಿಕೆಯನ್ನು ಓದಿದ್ದು ಅದು ಬಂದ ಕಾಲದಲ್ಲಲ್ಲ. ಮೊದಲ 250 ಸಂಚಿಕೆಗಳನ್ನು ಒಳಗೊಂಡು 1999ರಲ್ಲಿ ಬಂದ ಸಿಡಿಗಳನ್ನು ಗೆಳೆಯನೊಬ್ಬ ಕೊಟ್ಟಿದ್ದ. ದಿನಕ್ಕೊಂದು ಸಂಚಿಕೆಯಂತೆ, ಕೊನೆಯ ಪುಟಗಳನ್ನೇ ಮೊದಲು ತೆರೆದು ಓದುತ್ತಿದ್ದೆ. ವರ್ಮಿಯ ಕಥೆ ಹೀಗೆ ನಿಂತಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ. 132ರ ನಂತರ 133 ತೆರೆದೆ, ಇರಲಿಲ್ಲ. ಒಂದು ತಿಂಗಳು ತಪ್ಪಿರಬಹುದೆಂದು 134 ತೆರೆದೆ, 135 ತೆರೆದೆ. ಸ್ನಾರ್ಫ್ ಇನ್ನೂ ಬರುತ್ತಲೇ ಇದ್ದ. ರಾತ್ರಿ ಹನ್ನೊಂದಾಗಿತ್ತು, ದಿನಕ್ಕೊಂದೇ ಸಂಚಿಕೆ ಎಂಬ ನಿಯಮ ಮುರಿದು 150ರವರೆಗೂ ಕೊನೆಯ ಪುಟಗಳನ್ನಷ್ಟೇ ನೋಡುತ್ತ ಹೋದೆ. ಆಮೇಲೆ ಒಂಬತ್ತನೇ ಸಂಚಿಕೆಗೆ ಹಿಂದಿರುಗಿ, ವರ್ಮಿಯ ಮೊದಲ ಪುಟವನ್ನು ತೆರೆದು ಮತ್ತೆ ಓದಲು ಕುಳಿತೆ.