ಬೈಗುಳಕ್ಕೆ ನೂರಾರು ಕಾಮೆಂಟು, ವಿಚಾರಕ್ಕೆ ಹತ್ತು ಲೈಕು

ಪ್ರಶ್ನೆ: ಒಂದು ವಿಷಯದ ಬಗ್ಗೆ ಓದಿಕೊಂಡು, ಅಳೆದು ತೂಗಿ ಫೇಸ್‌ಬುಕ್‌ನಲ್ಲಿ ಬರೆಯುತ್ತೇನೆ. ಹತ್ತು ಲೈಕ್ ಬಂದರೆ ಹೆಚ್ಚು. ಅದೇ ವಿಷಯಕ್ಕೆ ನನ್ನ ಸ್ನೇಹಿತ ಯಾರನ್ನಾದರೂ ಹೀಯಾಳಿಸಿ ಎರಡು ಸಾಲು ಗೀಚಿದರೆ ನೂರಾರು ಕಾಮೆಂಟು. ಜನಕ್ಕೆ ಜಗಳವೇ ಬೇಕೇ? ಬರೆಯುವುದನ್ನೇ ಬಿಟ್ಟುಬಿಡಲೇ?
– ಹೆಸರು ಬೇಡವೆಂದ ಓದುಗರು

ಉತ್ತರ: ಬರೆಯುವುದನ್ನು ಬಿಡಬೇಡಿ. ಆ ಲೈಕುಗಳನ್ನು ಜನರ ತೀರ್ಪು ಎಂದುಕೊಳ್ಳುವುದನ್ನು ಬಿಡಿ.

ನಿಮ್ಮ ಬರಹ ಓದಿ ಇಷ್ಟವಾಗದವರಿಗಿಂತ, ಅದು ಕಣ್ಣಿಗೇ ಬೀಳದವರು ಹೆಚ್ಚಿರುತ್ತಾರೆ. ಫೀಡ್‌ನಲ್ಲಿ ಯಾವುದು ಮೇಲೆ ಬರಬೇಕು, ಯಾವುದು ಕೆಳಗಿಳಿಯಬೇಕು ಎಂದು ಗೊತ್ತುಮಾಡುವುದು ಕಂಪನಿಯ ಲೆಕ್ಕಾಚಾರ. ಯಾವ ಪೋಸ್ಟ್ ಕಂಡರೆ ಜನ ನಿಂತು ಕಾಮೆಂಟ್ ಹಾಕುತ್ತಾರೆ, ಶೇರ್ ಮಾಡುತ್ತಾರೆ ಎಂಬ ಅಂದಾಜಿನ ಮೇಲೆ ಅದು ನಡೆಯುತ್ತದೆ. ನಿಮ್ಮದನ್ನು ಓದಿ, ಹೌದಲ್ಲ ಎಂದು ತಲೆದೂಗಿ ಮುಂದೆ ಹೋದವರು ಆ ಲೆಕ್ಕಕ್ಕೆ ಸಿಗುವುದು ಕಡಿಮೆ. ಸಿಟ್ಟಿಗೆದ್ದು ಉತ್ತರ ಕೊಟ್ಟವರು ಪೂರ್ತಿ ಸಿಗುತ್ತಾರೆ.

ಫೇಸ್‌ಬುಕ್ 2016ರಲ್ಲಿ ಲೈಕ್ ಜೊತೆಗೆ ಪ್ರೀತಿ, ನಗು, ಬೆರಗು, ದುಃಖ, ಸಿಟ್ಟಿನ ಗುರುತುಗಳನ್ನು ತಂದಿತು. 2017ರಲ್ಲಿ ಫೀಡ್‌ನ ಲೆಕ್ಕಾಚಾರದಲ್ಲಿ ಅವುಗಳಲ್ಲಿ ಒಂದೊಂದಕ್ಕೂ ಲೈಕಿನ 5 ಪಟ್ಟು ತೂಕ ಕೊಟ್ಟಿತ್ತು. ಸಿಟ್ಟಿನ ಮುಖಕ್ಕೂ ಅಷ್ಟೇ. 2020ರಲ್ಲಿ ಸಿಟ್ಟಿನ ತೂಕವನ್ನು ಸೊನ್ನೆಗಿಳಿಸಿದರು. ಅಲ್ಲಿ ಕೆಲಸ ಮಾಡಿದ್ದ ಫ್ರಾನ್ಸೆಸ್ ಹೌಗನ್ 2021ರಲ್ಲಿ ಒಳಗಿನ ದಾಖಲೆಗಳನ್ನು ಹೊರತಂದಾಗ ಇದೆಲ್ಲ ಬಯಲಾಯಿತು. ಓದಿ ನನಗೆ ನಿಜಕ್ಕೂ ಸಂಕಟವಾಯಿತು. 'ಇದು ತಪ್ಪು' ಎಂದು ಹೇಳಲು ಜನ ಒತ್ತಿದ ಗುರುತು, 'ಇದನ್ನು ಇನ್ನಷ್ಟು ಜನಕ್ಕೆ ತೋರಿಸಿ' ಎಂಬ ಮತವಾಗಿ ಎಣಿಕೆಯಾಗಿತ್ತು!

ಇನ್ನು, ಮಾತಾಡುವವರೇ ಕೆಲವರು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2019ರಲ್ಲಿ ಹೇಳಿದಂತೆ, ಅಲ್ಲಿನ ವಯಸ್ಕರ ಟ್ವೀಟ್‌ಗಳಲ್ಲಿ ಶೇ 80ರಷ್ಟು ಬಂದದ್ದು ಶೇ 10ರಷ್ಟು ಬಳಕೆದಾರರಿಂದ. ಅದೇ ಕೇಂದ್ರದ 2014ರ ವರದಿ ನನ್ನನ್ನು ಇನ್ನೂ ಹೆಚ್ಚು ಕಾಡಿದೆ. ಸರ್ಕಾರ ಜನರ ಮೇಲೆ ಕಣ್ಣಿಡುವ ವಿಷಯವನ್ನು ಎದುರಾಬದುರು ಕೂತು ಮಾತಾಡಲು ಶೇ 86 ಜನ ಸಿದ್ಧರಿದ್ದರು. ಫೇಸ್‌ಬುಕ್, ಟ್ವಿಟರ್ ಬಳಸುವವರಲ್ಲಿ ಅಲ್ಲಿ ಬರೆಯಲು ಸಿದ್ಧರಿದ್ದವರು ಶೇ 42 ಮಾತ್ರ. ಮಾತು ಬರುವವರೇ ಬಾಯಿಮುಚ್ಚಿ ಕೂತರೆ ಉಳಿಯುವುದು ಗದ್ದಲ. ಅದನ್ನೇ ನಾವು ಜನಾಭಿಪ್ರಾಯ ಎಂದು ನಂಬುತ್ತೇವೆ.

ಅಂಗದಾನದ ಬಗ್ಗೆ ನಾನು ಬರೆದಿದ್ದ ಒಂದು ಪೋಸ್ಟಿಗೆ ಒಂದೂ ಕಾಮೆಂಟ್ ಬಂದಿರಲಿಲ್ಲ. ಎಷ್ಟೋ ದಿನದ ಮೇಲೆ ಒಬ್ಬರು ಖಾಸಗಿಯಾಗಿ ಸಂದೇಶ ಕಳಿಸಿ, 'ಅದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ, ಆಮೇಲೆ ರಾತ್ರಿಯೆಲ್ಲ ಅದೇ ಮಾತು' ಎಂದರು. ಇಂಥ ಓದನ್ನು ಯಾವ ಲೈಕಿನ ಲೆಕ್ಕವೂ ತೋರಿಸುವುದಿಲ್ಲ.

ಸ್ನೇಹಿತರ ಪೋಸ್ಟಿನ ಕೆಳಗೆ ವಾದಕ್ಕಿಳಿಯಬೇಡಿ. ನಿಮ್ಮ ಒಂದೊಂದು ಉತ್ತರವೂ ಅದನ್ನೇ ಮೇಲೆತ್ತುತ್ತದೆ. ಹೇಳಬೇಕಾದ್ದನ್ನು ನಿಮ್ಮ ಗೋಡೆಯ ಮೇಲೆ, ಅವರ ಹೆಸರೆತ್ತದೆ ಬರೆಯಿರಿ. ಬರಹದ ಕೊನೆಗೆ, ನಿಮಗೆ ನಿಜವಾಗಿ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಕೇಳಿ. ಮೌನವಾಗಿ ಓದುವವರಿಗೆ ಬಾಯಿಬಿಡಲು ಅದೊಂದು ದಾರಿ. ನಿಮ್ಮ ಸ್ನೇಹಿತರಿಗೂ ಒಮ್ಮೆ ಫೋನ್ ಮಾಡಿ. ಹೀಯಾಳಿಸಿದರೆ ಮಾತ್ರ ಜನ ಸೇರುತ್ತಾರೆಂದು ಅವರಿಗೂ ಆ ಫೀಡೇ ಕಲಿಸಿರಬಹುದು.

ಪ್ರಶ್ನೆ: ವಾಟ್ಸ್‌ಆ್ಯಪ್‌ನಲ್ಲಿ ಫಾರ್ವರ್ಡ್‌ಗೆ ಮಿತಿ ಹಾಕಿದ್ದರಿಂದ ಏನಾದರೂ ಪ್ರಯೋಜನ ಆಗಿದೆಯೇ?
– ಇನ್ನೊಬ್ಬ ಓದುಗರು

ಉತ್ತರ: ಆಗಿದೆ. ಹಲವು ಸಲ ಕೈಬದಲಾದ ಮೆಸೇಜನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದೆಂದು 2020ರ ಏಪ್ರಿಲ್‌ನಲ್ಲಿ ಮಿತಿ ಹಾಕಿದರು. ಅಂಥ ಮೆಸೇಜುಗಳು ಶೇ 70ರಷ್ಟು ಇಳಿದವೆಂದು ಕಂಪನಿಯೇ ಹೇಳಿತು. ಆದರೆ ಕಾಪಿ ಮಾಡಿ ಅಂಟಿಸಿದ ಮೆಸೇಜಿಗೆ ಫಾರ್ವರ್ಡ್ ಗುರುತು ಬರುವುದಿಲ್ಲ. ಗುರುತಿಲ್ಲ ಎಂದ ಮಾತ್ರಕ್ಕೆ ಕಳಿಸಿದವರೇ ಬರೆದದ್ದೆಂದು ತಿಳಿಯದೆ, ಎಲ್ಲಿಂದ ಬಂತೆಂದು ಅವರನ್ನೇ ಕೇಳಿ.