ಸರ್ಚುವಿನಲ್ಲಿ ಮಲಗುವ ಮುನ್ನ

ಪ್ರಶ್ನೆ: ಜುಲೈನಲ್ಲಿ ಮೂವರು ಬೈಕಿನಲ್ಲಿ ಮನಾಲಿಯಿಂದ ಲೇಹ್‌ಗೆ ಹೊರಟಿದ್ದೇವೆ. ಮೊದಲ ರಾತ್ರಿ ಜಿಸ್ಪಾ, ಎರಡನೆಯದು ಸರ್ಚುವಿನ ಟೆಂಟ್. ಪ್ರತಿ ಭಾನುವಾರ ಜೋಗಿಮಟ್ಟಿ ಹತ್ತುವವರು, ದಮ್ಮಿಗೆ ಕೊರತೆಯಿಲ್ಲ. ಆದರೂ ಮನೆಯಲ್ಲಿ ಹೆದರುತ್ತಿದ್ದಾರೆ.
(ಓದುಗರು, ಚಿತ್ರದುರ್ಗ)

ಉತ್ತರ: ಸರ್ಚುವಿನ ಮಟ್ಟಿಗೆ ಮನೆಯವರು ಹೆದರುವುದು ಸರಿಯೇ. ಎತ್ತರದ ಕಾಯಿಲೆ ಕಸುವು ನೋಡಿ ಬರುವುದಿಲ್ಲ. ಗಟ್ಟಿಮುಟ್ಟಾದವರು ತಲೆನೋವನ್ನು ಕಡೆಗಣಿಸಿ ಮುಂದೆ ಹೋಗುತ್ತಾರೆ, ಅಷ್ಟೇ. ಸರ್ಚು ಇರುವುದು ಸುಮಾರು 4,290 ಮೀಟರ್ ಎತ್ತರದಲ್ಲಿ. ಗಾಳಿಯ ಒತ್ತಡ ಇಳಿದು, ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಶೇ 60ರಷ್ಟು. ನಿದ್ದೆಯಲ್ಲಿ ರಕ್ತದ ಆಮ್ಲಜನಕ ಇನ್ನೂ ಇಳಿಯುತ್ತದೆ. ಅದಕ್ಕೇ ಹಗಲು ದಾಟಿದ ಎತ್ತರಕ್ಕಿಂತ ರಾತ್ರಿ ಮಲಗುವ ಎತ್ತರವನ್ನೇ ಲೆಕ್ಕ ಹಿಡಿಯಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಜಿಸ್ಪಾದಿಂದ ಸರ್ಚುವಿಗೆ ಒಂದೇ ದಿನ ಸಾವಿರಕ್ಕೂ ಹೆಚ್ಚು! ಅಲ್ಲಿ ರಾತ್ರಿ ಕೆಟ್ಟರೆ ಇಳಿಯಲೂ ಮೊದಲು ಏರಬೇಕು: ಒಂದು ಕಡೆ ಬಾರಾಲಾಚಾ ಲಾ (ಲಾ ಎಂದರೆ ಬೆಟ್ಟ ದಾಟುವ ಎತ್ತರದ ಹಾದಿ), ಇನ್ನೊಂದು ಕಡೆ ನಕೀ ಲಾ, ಲಾಚುಂಗ್ ಲಾ.

ದಾರಿಯನ್ನೇ ತಿರುಗಿಸಿ. ಶ್ರೀನಗರದಿಂದ (1,585 ಮೀ.) ಹೊರಟು ಕಾರ್ಗಿಲ್‌ನಲ್ಲಿ (ಸುಮಾರು 2,680) ಮಲಗಿ, ಮರುದಿನ ಲೇಹ್ (3,500). ಇಲ್ಲೂ 800 ಮೀಟರ್ ಏರಿಕೆ ಇರುವುದರಿಂದ ಲೇಹ್‌ನಲ್ಲಿ ಎರಡು ಪೂರ್ತಿ ದಿನ ಬೈಕ್ ಮುಟ್ಟಬೇಡಿ. ಆಮೇಲೆ ಖರ್ದುಂಗ್ ಲಾ ದಾಟಿ ನುಬ್ರಾದ ಹುಂಡರ್‌ನಲ್ಲಿ ತಂಗಿ. ಅದು ಲೇಹ್‌ಗಿಂತ ತಗ್ಗು. ಮನಾಲಿ ದಾರಿ ವಾಪಸು ಬರುವಾಗ ಇರಲಿ. ಅಷ್ಟರಲ್ಲಿ ಮೈ ಒಗ್ಗಿರುತ್ತದೆ.

ಪ್ರಶ್ನೆ: ಎತ್ತರದ ಕಾಯಿಲೆ ತಡೆಯುವ ಡಯಾಮಾಕ್ಸ್ ಮಾತ್ರೆ ನುಂಗಿದರೆ ಸಾಲದೇ?
(ಓದುಗರು, ದಾವಣಗೆರೆ)

ಉತ್ತರ: ಸಾಲದು, ನಿಧಾನವಾಗಿ ಏರುವುದಕ್ಕೆ ಅದು ಬದಲಿಯಲ್ಲ. ಸಾಮಾನ್ಯವಾಗಿ ದೊಡ್ಡವರಿಗೆ ಏರುವ ಹಿಂದಿನ ದಿನದಿಂದ 125 ಮಿ.ಗ್ರಾಂ., ಬೆಳಿಗ್ಗೆ ಒಂದು ಸಂಜೆ ಒಂದು. ಸಲ್ಫಾ ಅಲರ್ಜಿ, ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ. ಬೆರಳು ಜುಮುಗುಟ್ಟುತ್ತದೆ, ಮೂತ್ರ ಹೆಚ್ಚುತ್ತದೆ, ಗಾಬರಿ ಬೇಡ. ಮದ್ಯ, ನಿದ್ದೆ ಮಾತ್ರೆ ಎರಡೂ ಬೇಡ.

ಗೆಳೆಯನಿಗೆ ಕಾಯಿಲೆ ಜೋರಾಗಿದೆ ಎಂಬ ಅನುಮಾನ ಬಂದರೆ ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಕಾಲ್ಬೆರಳು ತಾಗಿಸುತ್ತಾ ನೇರ ಗೆರೆಯ ಮೇಲೆ ನಡೆಸಿ ನೋಡಿ. ತೂರಾಡಿದರೆ ಮೆದುಳಿನಲ್ಲಿ ಊತ ಶುರುವಾಗಿರಬಹುದು. ಕೂತಲ್ಲೇ ಏದುಸಿರು, ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು. ಬೆಳಗಾಗಲಿ ಎಂದು ಕಾಯದೆ ಆಕ್ಸಿಜನ್ ಕೊಡುತ್ತಾ ಕೆಳಗಿಳಿಸಿ, ಕಾರಿನಲ್ಲಿ. ಬೈಕಿನ ಹಿಂದೆ ಕೂರಿಸಿದರೆ ಬೀಳುತ್ತಾರೆ.

ಪ್ರಶ್ನೆ: ಹಳೆಯ ಬುಲೆಟ್ ಎಳೆಯುತ್ತದೆಯೇ?
(ಓದುಗರು, ಹರಿಹರ)

ಉತ್ತರ: ಎಳೆಯುತ್ತದೆ, ಮೆಲ್ಲಗೆ. ಕಾರ್ಬ್ಯುರೇಟರ್ ಗಾಡಿಗೆ ಗಾಳಿ ಸಾಲದೆ ಪೆಟ್ರೋಲ್ ಪಾಲು ಹೆಚ್ಚಿ ಪ್ಲಗ್‌ಗೆ ಮಸಿ ಹಿಡಿಯುತ್ತದೆ. ಎರಡು ಹೊಸ ಪ್ಲಗ್, ಪ್ಲಗ್ ಸ್ಪ್ಯಾನರ್ ಜೊತೆಗಿರಲಿ. ಲೇಹ್‌ನಿಂದ ಮನಾಲಿ ದಾರಿಯ ತಾಂಡಿಯಲ್ಲಿರುವ ಪೆಟ್ರೋಲ್ ಪಂಪಿಗೆ ಸುಮಾರು 365 ಕಿ.ಮೀ.; ಟ್ಯಾಂಕ್ ತುಂಬಿಸಿ, ಕ್ಯಾನಿನಲ್ಲಿ ಇನ್ನೈದು ಲೀಟರ್ ಕಟ್ಟಿಕೊಳ್ಳಿ.