ಭೂತ ಕಾಣುವ ಮುಂಚೆ ಏನು ಕೇಳಿಸಿತು?

ನಮಸ್ಕಾರ,

ನೀವು ಕಳಿಸಿದ 'ಹಾರರ್ ಚಿತ್ರಗಳಲ್ಲಿ ಶಬ್ದದ ಮಾಯಾಜಾಲ' ಲೇಖನ ಓದಿದೆ. ಈಗಿನ ರೂಪದಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ವಿಷಯ ಒಳ್ಳೆಯದು, ಅದಕ್ಕೇ ಎರಡು ಸಾಲಿನಲ್ಲಿ ವಿಷಾದ ಹೇಳಿ ಮುಗಿಸದೆ ಇಷ್ಟು ಬರೆಯುತ್ತಿದ್ದೇನೆ.

ಶಬ್ದದ ಬಗ್ಗೆ ಆರು ಪುಟ ಬರೆದಿದ್ದೀರಿ, ಒಂದು ಸದ್ದೂ ಕೇಳಿಸಲಿಲ್ಲ. 'ಮೈನಡುಗಿಸುವ ಸಂಗೀತ', 'ಎದೆ ಝಲ್ಲೆನಿಸುವ ಸದ್ದು' ಅಂತ ಪುಟಕ್ಕೆ ನಾಲ್ಕು ಸಲ ಬರುತ್ತದೆ. ನಿಮ್ಮ ಎದೆಯ ಕಥೆ ಗೊತ್ತಾಯಿತು. ಆದರೆ ಆ ಸದ್ದು ಯಾವುದು? ಯಾವ ದಿಕ್ಕಿಂದ ಬಂತು? ಯಾವಾಗ ನಿಂತಿತು? 'ಸೈಕೋ' ಚಿತ್ರದ್ದು 'ಅಬ್ಬರದ ವಾದ್ಯಮೇಳ' ಅಂದಿದ್ದೀರಿ. 1960ರ ಆ ಚಿತ್ರಕ್ಕೆ ಸಂಗೀತ ನಿರ್ದೇಶಕ ಬರ್ನಾರ್ಡ್ ಹರ್ಮನ್ ಬಳಸಿದ್ದು ತಂತಿವಾದ್ಯಗಳನ್ನು ಮಾತ್ರ. ಡ್ರಮ್ಮಿಲ್ಲ, ಕಹಳೆಯಿಲ್ಲ. ಸ್ನಾನ ಮಾಡುವಾಗ ನಡೆಯುವ ಕೊಲೆಯ ದೃಶ್ಯಕ್ಕೆ ಸಂಗೀತವೇ ಬೇಡ ಅಂದಿದ್ದ ನಿರ್ದೇಶಕ ಹಿಚ್‌ಕಾಕ್, ಹರ್ಮನ್ ಮಾಡಿದ್ದನ್ನು ಕೇಳಿ ಮನಸ್ಸು ಬದಲಿಸಿದರು. ಇದನ್ನು ಹೇಳಿದ್ದರೆ ಓದುಗರ ಕಿವಿ ನಿಮಿರುತ್ತಿತ್ತು.

ಮುಂದಿನದು ತಪ್ಪೇ. ಹಕ್ಕಿಗಳು ಜನರ ಮೇಲೆ ಎರಗುವ ಕಥೆಯ 'ದಿ ಬರ್ಡ್ಸ್' ಚಿತ್ರದ ಹಿನ್ನೆಲೆ ಸಂಗೀತವನ್ನು ಹೊಗಳಿದ್ದೀರಿ. 1963ರ ಆ ಚಿತ್ರದಲ್ಲಿ ನೀವು ಹೇಳುವಂಥ ಹಿನ್ನೆಲೆ ಸಂಗೀತವೇ ಇಲ್ಲ! ಹಕ್ಕಿಗಳ ಗಲಾಟೆಯನ್ನು ಆಸ್ಕರ್ ಸಾಲಾ ಅನ್ನುವವರು ಟ್ರೌಟೋನಿಯಂ ಎಂಬ ಎಲೆಕ್ಟ್ರಾನಿಕ್ ವಾದ್ಯದಲ್ಲಿ ಮಾಡಿದ್ದರು. ಸುಮ್ನೆ ಎಲ್ಲೋ ಓದಿ ಬರೆದಿರಾ? ಚಿತ್ರ ನೋಡಿ. ನಾಯಕಿ ಶಾಲೆಯ ಹೊರಗೆ ಕಾಯುತ್ತಾ ಕೂತಿರುತ್ತಾಳೆ. ಅವಳ ಬೆನ್ನ ಹಿಂದೆ ಕಾಗೆಗಳು ಸದ್ದಿಲ್ಲದೆ ಬಂದು ಸೇರುತ್ತವೆ. ಒಳಗೆ ಮಕ್ಕಳು ಹಾಡುತ್ತಲೇ ಇರುತ್ತಾರೆ. ಹಾಡು ಮುಗಿದರೆ ಮಕ್ಕಳು ಹೊರಗೆ ಬರುತ್ತಾರೆ ಅಂತ ನಮಗೆ ಗೊತ್ತು. ಹಾಗಾಗಿ ಮುದ್ದಾದ ಹಾಡಿನ ಒಂದೊಂದು ಸಾಲಿಗೂ ಭಯ ಜಾಸ್ತಿಯಾಗುತ್ತಾ ಹೋಗುತ್ತದೆ. ಭಯದ ಸದ್ದು ಭಯಂಕರವಾಗಿಯೇ ಇರಬೇಕು ಅನ್ನುವ ನಿಮ್ಮ ವಾದ ಇಲ್ಲೇ ಬಿದ್ದುಹೋಗುತ್ತದೆ, ಅಲ್ವಾ?

ಕಿವಿಗೆ ಕೇಳಿಸದಷ್ಟು ತಗ್ಗಿದ 19 ಹರ್ಟ್ಸ್ ಸದ್ದು ಭೂತ ಕಂಡಂಥ ಭಯ ಹುಟ್ಟಿಸುತ್ತದೆ ಅನ್ನುವ ಪ್ಯಾರಾ ತೆಗೆದುಬಿಡಿ. ಅದು ವಿಕ್ ಟ್ಯಾಂಡಿ ಎಂಬ ಎಂಜಿನಿಯರ್ ತಮ್ಮ ಲ್ಯಾಬ್‌ನ ಫ್ಯಾನಿನ ಬಗ್ಗೆ 1998ರಲ್ಲಿ ಬರೆದದ್ದು. ಸಿನಿಮಾಕ್ಕೂ ಅದಕ್ಕೂ ನೀವು ಕಟ್ಟಿದ ಸೇತುವೆ ನಿಲ್ಲುವುದಿಲ್ಲ.

ನನಗೆ ಬೇಜಾರಾಗಿದ್ದು ಬೇರೆ. ಬೆಂಗಳೂರಿನವರಾಗಿ 'ನಾಳೆ ಬಾ' ಕಥೆಯನ್ನು ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ. 1990ರ ದಶಕದಲ್ಲಿ ಬಾಗಿಲ ಮೇಲೆ ಜನ ಹಾಗೆ ಬರೆದಿದ್ದು ಏನನ್ನೋ ನೋಡಿ ಅಲ್ಲ. ದೆವ್ವದ ಹೆಂಗಸೊಬ್ಬಳು ರಾತ್ರಿ ಬಾಗಿಲು ತಟ್ಟುತ್ತಾಳೆ, ನಮ್ಮವರ ದನಿಯಲ್ಲೇ ಕೂಗುತ್ತಾಳೆ ಅನ್ನುವ ಸುದ್ದಿಗೆ ಹೆದರಿ. ದನಿ ಗುರುತಿನದು, ಬಾಗಿಲಾಚೆ ನಿಂತವರು ಯಾರೋ. ತೆರೆಯ ಆಚೆಯಿಂದ ಬರುವ ಸದ್ದು ಹೇಗೆ ಕೆಲಸ ಮಾಡುತ್ತದೆ ಅಂತ ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ? ಲೇಖನ ಇಲ್ಲಿಂದಲೇ ಶುರುವಾಗಲಿ.

ಆಮೇಲೆ ಒಂದೇ ದೃಶ್ಯ ಆರಿಸಿಕೊಳ್ಳಿ. ಒಮ್ಮೆ ಮ್ಯೂಟ್ ಮಾಡಿ ನೋಡಿ, ಒಮ್ಮೆ ಕಣ್ಣು ಮುಚ್ಚಿ ಕೇಳಿ. ಕೇಳಿಸಿದ್ದನ್ನೆಲ್ಲ ಬರೆದುಕೊಳ್ಳಿ. ಖಾಲಿ ಕೋಣೆಯ ದೃಶ್ಯದಲ್ಲೂ ಫ್ಯಾನಿನ ಗುಂಯ್, ದೂರದ ರಸ್ತೆ ಏನಾದರೂ ಇರುತ್ತದೆ. ಅದನ್ನು ಪೂರ್ತಿ ಕತ್ತರಿಸಿದ ಕ್ಷಣ ಪ್ರೇಕ್ಷಕರು ಸೆಟೆದು ಕೂರುತ್ತಾರೆ. ಸಾಧ್ಯವಾದರೆ ಇಲ್ಲೇ ಯಾವುದಾದರೂ ಸ್ಟುಡಿಯೊದಲ್ಲಿ ಫೋಲಿ, ಅಂದರೆ ಹೆಜ್ಜೆ, ಬಾಗಿಲಿನಂಥ ಸದ್ದುಗಳನ್ನು ಚಿತ್ರಕ್ಕೆ ಬೇರೆಯಾಗಿ ಮಾಡಿ ಸೇರಿಸುವ ಕೆಲಸ, ಮಾಡುವವರ ಜತೆ ಕೂತು ಬನ್ನಿ. ಹೆಜ್ಜೆ ಸದ್ದನ್ನು ಹೇಗೆ ಮಾಡುತ್ತಾರೆ ಅನ್ನುವುದರ ಜತೆಗೆ, ಯಾವ ಹೆಜ್ಜೆಯನ್ನು ಬೇಕಂತಲೇ ಬಿಡುತ್ತಾರೆ ಅಂತಲೂ ಕೇಳಿ.

ಆರು ಪುಟ ಬೇಡ, ಮೂರು ಸಾಕು. 'ಮಾಯಾಜಾಲ'ವನ್ನು ಶೀರ್ಷಿಕೆಯಿಂದ ತೆಗೆದು ಕಳಿಸಿ, ಖಂಡಿತ ಓದುತ್ತೇನೆ.

— ಸಂಪಾದಕ